ಅತ್ತೆಯ ಹಿಮ್ಮಡಿ, ನನ್ನ ಕುತ್ತಿಗೆ

ಶಿರಸಿಯ ಫಿಸಿಯೋಥೆರಪಿ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚಿದೆ. ಅದರ ಮೇಲೆ ಕೂತವರು ಪಕ್ಕದವರನ್ನು ತಿರುಗಿ ನೋಡುವುದಿಲ್ಲ. ಸೊಕ್ಕಿನಿಂದಲ್ಲ, ತಿರುಗಲು ಆಗುವುದಿಲ್ಲ, ಅಷ್ಟೇ. ಎದುರಿನ ಗೋಡೆ ನೋಡುತ್ತಲೇ "ನಿಮಗೂ ಕುತ್ತಿಗೇನ್ರೀ?" ಅಂತ ಕೇಳುತ್ತಾರೆ, ಗೋಡೆ ನೋಡುತ್ತಲೇ ಉತ್ತರ ಬರುತ್ತದೆ. ಆ ಬೆಂಚಿನ ಮೇಲೆ ನಾನೂ ತಿಂಗಳುಗಟ್ಟಲೆ ಕೂತಿದ್ದೇನೆ. ಈಗಲೂ ಯಾರಾದರೂ ಹೊಸಬರು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು, ಮುಖ ಸಣ್ಣ ಮಾಡಿಕೊಂಡು ಬಂದು ಕೂತರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಡಾಕ್ಟರು ಹೇಳಬೇಕಾದ್ದನ್ನು ಡಾಕ್ಟರೇ ಹೇಳಲಿ. ನಾನು ಹೇಳುವುದು ನನ್ನ ಅತ್ತೆಯ ಕಾಲಿನ ಸಂಗತಿ.

ನಾನು ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ಇರುವುದು ಎಕ್ಕಂಬಿಯಲ್ಲಿ. ಮನೆಯವರು ವೀರೇಶ, ಊರಲ್ಲೇ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಮನೆಯಲ್ಲಿ ನಾವಿಬ್ಬರು, ಅತ್ತೆ ಗಂಗವ್ವ. ಶಿರಸಿಯಲ್ಲಿ ಬ್ಲೌಸ್ ಹೊಲಿಯುವ ಶಬಾನಾ ತನ್ನ ಅಂಗಡಿಗೆ ಬರುವ ಮದುವೆ ಸೀರೆಗಳನ್ನೆಲ್ಲ ನನಗೇ ಕೊಡುತ್ತಾಳೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಗಂಟು ಹೊತ್ತು ತರುತ್ತಿದ್ದೆ. ಆಮೇಲೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ತೊಡೆಯ ಮೇಲೊಂದು ದಿಂಬು ಇಟ್ಟುಕೊಂಡು, ಸೆರಗನ್ನು ಅದಕ್ಕೆ ಪಿನ್ನಿನಿಂದ ಬಿಗಿದು, ಗದ್ದ ಎದೆಗೆ ತಾಗುವಷ್ಟು ಬಗ್ಗಿ ಶುರು ಮಾಡಿದರೆ ಮುಗಿಯಿತು. ರೇಷ್ಮೆ ಎಳೆ ಎಷ್ಟು ಬಿಗಿಯಾಯಿತು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ, ಹೆಬ್ಬೆರಳು ಮತ್ತು ತೋರುಬೆರಳಿಗೇ ಗೊತ್ತಾಗಬೇಕು. ನನ್ನ ಬೆರಳಿಗೆ ಅದು ಚೆನ್ನಾಗಿ ಗೊತ್ತಾಗುತ್ತಿತ್ತು. ಆ ಜಂಬ ನನಗೆ ಇತ್ತು, ಈಗಲೂ ಇದೆ.

ಹೋದ ಮದುವೆ ಸೀಸನ್ನಿನಲ್ಲಿ ಒಂದು ದಿನ ಬೆಳಿಗ್ಗೆ ಏಳುವಾಗ ಕುತ್ತಿಗೆ ಹಿಡಿದುಕೊಂಡಿತ್ತು. ಎಡಕ್ಕೆ ನೋಡಬೇಕೆಂದರೆ ಇಡೀ ಮೈ ಎಡಕ್ಕೆ ತಿರುಗಬೇಕು. ಅತ್ತೆ ನೋಡಿ ನಕ್ಕರು.

"ದಿಂಬು ಬಿಸಲಿಗೆ ಹಾಕು. ಸಂಜಿ ಅನ್ನೋದ್ರಾಗ ಬಿಡ್ತೈತಿ."

ದಿಂಬನ್ನು ಅಂಗಳದ ಕಟ್ಟೆಯ ಮೇಲೆ ಇಟ್ಟೆ. ಸಂಜೆ ದಿಂಬು ಕಾದು ಹಪ್ಪಳವಾಗಿತ್ತು, ಕುತ್ತಿಗೆ ಇದ್ದ ಹಾಗೇ ಇತ್ತು. ಮರುದಿನ ಮಗ್ಗುಲು ಬದಲಿಸಿ ಇಟ್ಟೆ. ವಾರವಿಡೀ ನನ್ನ ಬದಲು ಆ ದಿಂಬೇ ಚಿಕಿತ್ಸೆ ಪಡೆಯಿತು. ಮೆಡಿಕಲ್ ಶಾಪಿನ ಮುಲಾಮು ತಿಕ್ಕಿಕೊಂಡು, ಮಾತ್ರೆ ನುಂಗಿ, ಮತ್ತೆ ದಿಂಬು ತೊಡೆಯ ಮೇಲಿಟ್ಟುಕೊಂಡು ಬಗ್ಗಿದೆ. ನೋವು ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಮೊಣಕೈಗೆ ಇಳಿಯಿತು. ಬಲಗೈಯ ಹೆಬ್ಬೆರಳು, ತೋರುಬೆರಳು ಜುಮುಜುಮು ಅನ್ನತೊಡಗಿದವು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಬಿಡು ಅನ್ನುತ್ತಾರಲ್ಲ!

ಅದನ್ನು ಕಂಡುಹಿಡಿದವಳು ಶಬಾನಾ. ಅಂಗಡಿಗೆ ಹೋದಾಗ ಒಂದು ಸೀರೆ ತೆಗೆದು ನನ್ನ ಮುಂದೆ ಹರಡಿದಳು. ನಾನೇ ಕಟ್ಟಿದ ಕುಚ್ಚು, ಅರ್ಧಕ್ಕರ್ಧ ಸಡಿಲಾಗಿ ಜೋತಾಡುತ್ತಿತ್ತು.

"ಅರೇ ಅಕ್ಕಾ, ಇದು ನಿನ್ನ ಕೈಯಿಂದಾನಾ? ಎಂತ ಆಗಿದೆ ನಿಂಗೆ?"

ಮುಖ ಕೆಂಪಾಯಿತು. "ದಾರದ ಮಾಲೇ ಸರಿ ಇಲ್ಲ," ಅಂದೆ.

"ದಾರ ನಾನೇ ಕೊಟ್ಟಿದ್ದು. ಸುಳ್ಳು ಹೇಳ್ಬೇಡ. ಬೆರಳು ಕೊಡು ಇಲ್ಲಿ." ಅವಳು ನನ್ನ ತೋರುಬೆರಳನ್ನು ಚಿವುಟಿದಳು. ಚಿವುಟಿದ್ದನ್ನು ನಾನು ಕಣ್ಣಿನಿಂದ ನೋಡಿದೆ, ಬೆರಳಿಗೆ ಗೊತ್ತಾಗಲಿಲ್ಲ. ಅವಳಿಗೂ ಅದು ತಿಳಿಯಿತು. ಆ ಸೀರೆಯ ಕುಚ್ಚನ್ನು ಅವಳೇ ಕೂತು ಬಿಚ್ಚಿ ಮತ್ತೆ ಕಟ್ಟಿ, ಗಿರಾಕಿಗೆ ಒಂದು ಮಾತೂ ಹೇಳದೆ ಕೊಟ್ಟಳಂತೆ. ನನಗೆ ಇದು ತಿಂಗಳುಗಳ ನಂತರ ಬೇರೆ ಯಾರಿಂದಲೋ ಗೊತ್ತಾಯಿತು.

ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಬೆರಳೇ ಹೋದರೆ ನಾನು ಯಾರು? ಡಾಕ್ಟರ ಹತ್ತಿರ ಹೋದರೆ ಆಪರೇಷನ್ ಅಂದುಬಿಡುತ್ತಾರೆ ಅನ್ನುವ ಭಯ ಬೇರೆ. ಆಗ ನನಗೆ ಹೊಳೆದದ್ದೇ ಅತ್ತೆಯ ಕಾಲು.

ನನ್ನ ಅತ್ತೆ ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವರು. ಹಾಗೆ ಹುಟ್ಟಿದವರ ಕಾಲು ತಾಗಿದರೆ ಉಳುಕು ಹೋಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ಸೊಂಟ ಹಿಡಿದ ಹಮಾಲರು, ಗದ್ದೆ ಕೆಲಸದವರು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು ಜಮಖಾನೆಯ ಮೇಲೆ ಬೋರಲು ಮಲಗುತ್ತಿದ್ದರು. ಅತ್ತೆ ಎಡಗಾಲಿನ ಹಿಮ್ಮಡಿಯನ್ನು ಮೂರು ಸಲ ಮೆಲ್ಲಗೆ ತಾಗಿಸುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಂಡವರಲ್ಲ. ಎಪ್ಪತ್ತು ದಾಟಿದ ಆ ಹೆಂಗಸಿಗೆ ಊರಲ್ಲಿ ಇದ್ದ ಒಂದೇ ಒಂದು ಹೆಸರು ಅದು. ನಾನು ಅದನ್ನು ನಂಬಿದವಳೂ ಅಲ್ಲ, ಅಲ್ಲಗಳೆದವಳೂ ಅಲ್ಲ.

"ಕುತ್ತಿಗಿಗೆ ನಾ ಕಾಲು ಹಚ್ಚಂಗಿಲ್ಲ ತಂಗಿ," ಅಂದರು ಅತ್ತೆ. "ಸೊಂಟ ಬ್ಯಾರೆ, ಕುತ್ತಿಗಿ ಬ್ಯಾರೆ. ನಮ್ಮವ್ವನೂ ಬ್ಯಾಡ ಅಂದಿದ್ಲು. ದವಾಖಾನಿಗೆ ಹೋಗು."

"ಊರ ಮಂದಿಗೆಲ್ಲಾ ಹಚ್ತೀರಿ. ಸೊಸಿ ಅಂದ್ರ ಆಗಂಗಿಲ್ಲೇನ್ರಿ?"

ಈ ಮಾತಿಗೆ ಯಾವ ಅತ್ತೆ ತಾನೇ ಸುಮ್ಮನಿದ್ದಾರು? ಜಮಖಾನೆ ಹಾಸಿದರು. ಕಾಲು ತೊಳೆದುಕೊಂಡು ಬಂದು, ಗೋಡೆ ಹಿಡಿದು, ನನ್ನ ಕುತ್ತಿಗೆಯ ಬುಡಕ್ಕೆ ಹಿಮ್ಮಡಿ ತಾಗಿಸಿದರು. ಹೂವಿಟ್ಟ ಹಾಗೆ ಇತ್ತು. ನನಗೆ ಸಮಾಧಾನವಾಗಲಿಲ್ಲ.

"ಇನ್ನೊಂಚೂರು ಒತ್ರಿ ಅತ್ತೀ."

"ಸಾಕವ್ವಾ."

"ಇನ್ನೊಂಚೂರು!"

ಲಟಕ್ ಅಂತು. ಆ ಕ್ಷಣ ಇಡೀ ಮೈ ಹಗುರಾದಂತಾಗಿ ನಾನು ನಕ್ಕೆ. ಅತ್ತೆಯೂ ನಕ್ಕರು. ಮರುದಿನ ಬೆಳಿಗ್ಗೆ ನನ್ನ ಬಲಗೈಗೆ ಬೆಂಕಿ ಬಿದ್ದಿತ್ತು.

ಕೂತರೆ ಆಗದು, ಮಲಗಿದರೆ ಆಗದು. ಬಲಗೈಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡರೆ ಮಾತ್ರ ಸ್ವಲ್ಪ ಉಸಿರು ಬರುತ್ತಿತ್ತು. ತಲೆಯ ಮೇಲೆ ಕೈ ಹೊತ್ತು ಕೂರುವುದು ಮನೆಗೆ ಒಳ್ಳೆಯದಲ್ಲ ಅಂತ ಮದುವೆಯಾಗಿ ಬಂದ ದಿನದಿಂದ ಅತ್ತೆ ನನ್ನನ್ನು ಗದರಿಸಿಕೊಂಡು ಬಂದವರು. ಅವತ್ತು ಅವರು ಗದರಿಸಲಿಲ್ಲ. ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಬಂದು, ನನ್ನ ಮೊಣಕೈ ಜೋತು ಬೀಳದಂತೆ ತಮ್ಮ ಅಂಗೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ಕೂತರು.

ಅಂಥವರಿಗೆ ನಾನು ಏನು ಅಂದೆ ಗೊತ್ತೇ? ಚಹಾದ ಲೋಟ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವರು ಒರೆಸಲು ಬಟ್ಟೆ ತಂದರು. ನಾನು ಅಂದೆ: "ನಿಮ್ಮ ಕಾಲು ಹತ್ತಿದ ಮ್ಯಾಲೆ ನನ್ನ ಕೈ ಹೋತು ನೋಡ್ರಿ."

ಅವರು ನೆಲ ಒರೆಸಿ ಎದ್ದು ಹೋದರು. ಮುಂದಿನ ಭಾನುವಾರ ಸೊಂಟ ಹಿಡಿದುಕೊಂಡು ಬಂದ ಒಬ್ಬರನ್ನು ಬಾಗಿಲಿನಿಂದಲೇ ಕಳಿಸಿದರು. "ನನ್ನ ಕಾಲಾಗ ಈಗ ಅದು ಇಲ್ಲಪಾ. ಶಿರಸಿಗೆ ಹೋಗು," ಅಂದದ್ದು ಒಳಗೆ ಮಲಗಿದ್ದ ನನಗೆ ಕೇಳಿಸಿತು.

ಶಿರಸಿಯ ಡಾಕ್ಟರು ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬರಲು ಹೇಳಿದರು. ಅಲ್ಲಿ ತಾಳಿ, ಕಾಲುಂಗುರ, ಮೂಗುತಿ ಎಲ್ಲ ತೆಗೆಯಬೇಕು ಅಂದರು. ಮೂಗುತಿ ಬರಲೇ ಇಲ್ಲ. ಮನೆಯವರು ಆಸ್ಪತ್ರೆಯ ನಲ್ಲಿಯ ಹತ್ತಿರ ನನ್ನ ಮೂಗಿಗೆ ಸಾಬೂನು ಹಚ್ಚಿ, ನಾಲಿಗೆ ಹೊರಗೆ ಹಾಕಿ, ಸೂಜಿಗೆ ದಾರ ಪೋಣಿಸುವವರಂತೆ ಬಿಡಿಸಿದರು. ನಮ್ಮ ಮನೆಯವರು ಮಾತಿಗೆ ಬಡವರು. ಯಂತ್ರದ ಕೊಳವೆಯೊಳಗೆ ಡಬಡಬ ಸದ್ದಿನಲ್ಲಿ ಅರ್ಧ ಗಂಟೆ ಅಲ್ಲಾಡದೆ ಮಲಗಿ ಹೊರಗೆ ಬಂದರೆ, ಎಲ್ಲವನ್ನೂ ಕರ್ಚೀಫಿನಲ್ಲಿ ಗಂಟು ಕಟ್ಟಿ ಎರಡೂ ಕೈಯಲ್ಲಿ ಹಿಡಿದುಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದರು. ಚಹಾ ಕುಡಿಯಲೂ ಎದ್ದಿರಲಿಲ್ಲ.

ಶಿರಸಿಗೆ ವಾಪಸು ಫಿಲ್ಮ್ ತೆಗೆದುಕೊಂಡು ಹೋದ ದಿನ ಅತ್ತೆಯೂ ಬಂದರು. ಒಳಗೆ ಮಾತ್ರ ಬರಲಿಲ್ಲ, ಗೇಟಿನ ಹತ್ತಿರವೇ ನಿಂತರು. ಡಾಕ್ಟರು ನನಗೆ ಕಣ್ಣು ಮುಚ್ಚಿಸಿ ಹತ್ತಿಯಿಂದ ಬೆರಳು ಮುಟ್ಟಿದರು.

"ಮುಟ್ಟಿದಾಗ ಹೂಂ ಅನ್ನಿ."

ನಾನು ಕಾಯುತ್ತಲೇ ಇದ್ದೆ. ಕಣ್ಣು ತೆರೆದರೆ ಹತ್ತಿ ಹೆಬ್ಬೆರಳಿನ ಮೇಲೇ ಇತ್ತು. ನನಗೆ ಅಳು ಬಂತು. ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆ ಹೊರಗೆ ಬಂದು ಕೈಗೆ ಹೋಗುವ ನರವನ್ನು ಒತ್ತುತ್ತಿದೆ ಅಂದರು. ಆರು ವಾರ ಔಷಧಿ, ಪಟ್ಟಿ, ವ್ಯಾಯಾಮ. ಅಷ್ಟರಲ್ಲಿ ಕೈಯ ಶಕ್ತಿ ಇನ್ನೂ ಕಡಿಮೆಯಾದರೆ ಆಪರೇಷನ್. "ಶಕ್ತಿ ಮೊದಲು ಬರ್ತದೆ, ಸ್ಪರ್ಶ ಕೊನೆಗೆ. ಪೂರ್ತಿ ಬರ್ತದೋ ಇಲ್ವೋ ಈಗ ಹೇಳೋಕಾಗಲ್ಲ."

ಮನೆಯವರು ಔಷಧಿ ತರಲು ಹೋದರು. ನಾನೊಬ್ಬಳೇ ಉಳಿದಾಗ ಕಾಲಿನ ವಿಷಯ ಹೇಳಿದೆ. ಡಾಕ್ಟರು ತಲೆ ಚಚ್ಚಿಕೊಂಡರು.

"ಕುತ್ತಿಗೆ ಮೇಲೆ ಯಾರಾದ್ರೂ ಕಾಲಿಡಿಸ್ಕೊಳ್ತಾರೇನಮ್ಮಾ? ದೊಡ್ಡ ಅನಾಹುತ ಆಗ್ತಿತ್ತು. ಇನ್ನು ಯಾವತ್ತೂ ಬೇಡ." ಮತ್ತೆ ಫಿಲ್ಮನ್ನು ಬೆಳಕಿಗೆ ಹಿಡಿದು ಅಂದರು: "ಆದ್ರೆ ಇದು ಒಂದು ದಿನದ್ದಲ್ಲ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಸವೆದದ್ದು. ಬೆರಳು ಮೊದಲೇ ಜೋಮು ಹಿಡಿದಿತ್ತು ಅಂತೀರಲ್ಲ. ಅವರು ಕಾಲಿಡದಿದ್ರೂ ಇವತ್ತಲ್ಲ ನಾಳೆ ಇಲ್ಲಿಗೆ ಬರ್ತಿದ್ರಿ."

ಹೊರಗೆ ಬಂದೆ. ಅತ್ತೆ ಗೇಟಿನ ಸರಳು ಹಿಡಿದು ನಿಂತಿದ್ದರು.

"ಏನಂದ್ರು ತಂಗಿ?"

"ಕುತ್ತಿಗಿ ಮ್ಯಾಲೆ ಕಾಲಿಡಬಾರದು ಅಂದ್ರು."

ಅರ್ಧ ಮಾತು ಹೇಳಿದೆ, ಅರ್ಧ ನುಂಗಿದೆ. ಮರೆತದ್ದಲ್ಲ. ನನ್ನ ಕೈ ಹೋದದ್ದಕ್ಕೆ ಯಾರಾದರೂ ಒಬ್ಬರು ಕಾರಣ ಇರಬೇಕಾಗಿತ್ತು ನನಗೆ. ನಾನೇ ಕಾರಣ ಅಂದುಕೊಳ್ಳುವ ಧೈರ್ಯ ಇರಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅಲ್ಲಿಂದ ಅತ್ತೆ ನನ್ನ ಎರಡು ಕೈಯೂ ತಾವೇ ಆದರು. ತಲೆ ಬಾಚಿದರು, ಹೆರಳು ಹಾಕಿದರು, ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟರು. ಪಟ್ಟಿ ಕಟ್ಟಿದ ನನ್ನನ್ನು ನೋಡಲು ಬಂದ ನೆರೆಯವರು ಒಂದು ತಾಸು ಕೂತು, ಕುತ್ತಿಗೆ ಆಪರೇಷನ್ ಆಗಿ ಹಾಸಿಗೆ ಹಿಡಿದವರ ಪಟ್ಟಿಯನ್ನೇ ಒಪ್ಪಿಸಿದಾಗ, "ನಿಮ್ಮ ಎಮ್ಮಿ ಬಿಚ್ಚಿಕೊಂಡು ಹೋಗೈತಂತ ನೋಡ್ರಿ" ಅಂತ ಸುಳ್ಳು ಹೇಳಿ ಎಬ್ಬಿಸಿ ಕಳಿಸಿದರು. ನನ್ನ ಜೊತೆ ಮಾತ್ರ ಬೇಕಾದಷ್ಟೇ ಮಾತು. ಬಸವ ಜಯಂತಿಯ ದಿನ ನಮಸ್ಕಾರಕ್ಕೆ ಅಂತ ನಾನು ಅವರ ಮುಂದೆ ಮೆಲ್ಲಗೆ ಕೂತೆ. ಅವರು ಸರಕ್ಕನೆ ಎರಡೂ ಪಾದ ಸೀರೆಯೊಳಗೆ ಎಳೆದುಕೊಂಡರು.

"ಬ್ಯಾಡ. ನೀ ಬಗ್ಗಬಾರದು."

ಬಗ್ಗಬಾರದು ಅನ್ನುವುದು ನೆವ ಅಂತ ಇಬ್ಬರಿಗೂ ಗೊತ್ತಿತ್ತು.

ಫಿಸಿಯೋಥೆರಪಿಗೆ ದಿನ ಬಿಟ್ಟು ದಿನ ಶಿರಸಿಗೆ ಹೋಗಬೇಕು. ಬಸ್ಸಿನ ಕುಲುಕಾಟಕ್ಕೆ ನನ್ನ ತಲೆ ಅಲ್ಲಾಡದಂತೆ ಅತ್ತೆ ಹಿಂದಿನಿಂದ ಅಂಗೈ ಕೊಟ್ಟು ಕೂರುತ್ತಿದ್ದರು. ಅಲ್ಲಿ ವ್ಯಾಯಾಮ ಹೇಳಿಕೊಡುವ ಸುಮಾ ಸಿದ್ದಾಪುರದ ಹುಡುಗಿ. ಫೋನಿನಲ್ಲಿ ತಾಯಿಗೆ ಹವ್ಯಕ ಮಾತಿನಲ್ಲಿ "ಆಯಿ, ಆನು ಆರು ಗಂಟೆ ಬಸ್ಸಿಗೆ ಬರ್ತೆ" ಅನ್ನುವಾಗ ಬೆಣ್ಣೆಯಂಥ ದನಿ. ನಮ್ಮ ಕಡೆ ತಿರುಗಿದರೆ ಹೆಡ್ಮಾಸ್ತರು!

"ಎಂತ ಅಕ್ಕಾ, ಮನೇಲಿ ಮಾಡಿದ್ರಾ ಇಲ್ವಾ? ಗದ್ದ ಕೆಳಗೆ ಅಲ್ಲ, ಹಿಂದೆ ತಗೊಳ್ಳಿ. ಹಿಂದೆ, ಹಿಂದೆ. ಹಾಂ, ಹಿಡ್ಕೊಳ್ಳಿ."

ಅತ್ತೆ ಬೆಂಚಿನ ಮೇಲೆ ಕೂತು ಎಲ್ಲವನ್ನೂ ತಾವೂ ಮಾಡುತ್ತಿದ್ದರು. ಗದ್ದ ಹಿಂದಕ್ಕೆ ಎಳೆಯುವುದಕ್ಕೆ "ಕೋಳಿ" ಅಂತ ಹೆಸರಿಟ್ಟರು. ಅಂಗೈಗೆ ಹಣೆ ಒತ್ತಿ ನಿಲ್ಲುವುದು "ಟಗರು". ಮನೆಯಲ್ಲಿ ನಾನು ಸ್ವಲ್ಪ ಮೈಗಳ್ಳತನ ಮಾಡಿದರೆ ಸಾಕು, ಅಡುಗೆಮನೆಯಿಂದ ಕೂಗು ಬರುತ್ತಿತ್ತು: "ಕೋಳಿ ಆತೇನು? ಟಗರು?"

ನಾಲ್ಕನೆಯ ವಾರ ಇರಬೇಕು. ಸುಮಾ ನನ್ನ ಗದ್ದಕ್ಕೆ ಪಟ್ಟಿ ಕಟ್ಟಿ, ಕುತ್ತಿಗೆ ಎಳೆಯುವ ಯಂತ್ರ ಹಚ್ಚಿ ಪರದೆ ಎಳೆದು ಹೋಗಿದ್ದಳು. ಪರದೆಯ ಆಚೆ ಅತ್ತೆ ಯಾರೋ ಹೆಂಗಸಿನ ಜೊತೆ ಮಾತಾಡುತ್ತಿದ್ದರು.

"ನಿಮ್ಮ ಸೊಸಿಗೆ ಬಿದ್ದು ಪೆಟ್ಟಾತೇನ್ರಿ?"

"ಇಲ್ಲವ್ವಾ. ನಾ ಮಾಡಿದ್ದು. ನನ್ನ ಕಾಲಿಂದ ಆತು. ಎಷ್ಟು ಛಂದ ಕುಚ್ಚು ಕಟ್ಟತಿದ್ಲು ಅಂತಿ! ಆಕಿ ಕೈ ನಾನ ಕಳದೆ. ಈ ಕಾಲು ಕೊಟ್ಟು ಆ ಕೈ ಬರೂದಾಗಿದ್ರ ಇವತ್ತ ಕೊಡ್ತಿದ್ದೆ."

ನನಗೆ ಏಳಬೇಕು, ಹೇಳಬೇಕು. ಗದ್ದ ಬಿಗಿದಿದೆ, ಬಾಯಿ ತೆರೆಯುವಂತಿಲ್ಲ, ತಲೆ ತಿರುಗಿಸುವಂತಿಲ್ಲ. ಕಣ್ಣೀರು ಎರಡೂ ಕಿವಿಗೆ ಇಳಿದು ತುಂಬಿಕೊಂಡಿತು. ಸುಮಾ ಬಂದವಳು ಗಾಬರಿಯಾಗಿ ಪಟ್ಟಿ ಸಡಿಲಿಸಿದಳು.

"ಭಾರ ಜಾಸ್ತಿ ಆಯ್ತಾ ಅಕ್ಕಾ?"

"ಹೂಂ," ಅಂದೆ. "ಭಾಳ ಆತು."

ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯನ್ನು ಕಂಬದ ಹತ್ತಿರ ನಿಲ್ಲಿಸಿ ಹೇಳಿದೆ. "ಅತ್ತೀ, ಡಾಕ್ಟ್ರು ಅವತ್ತ ಇನ್ನೊಂದು ಮಾತು ಹೇಳಿದ್ರು. ಇದು ಭಾಳ ವರ್ಷದ್ದು, ನಾನು ಬಗ್ಗಿ ಬಗ್ಗಿ ಮಾಡಿಕೊಂಡದ್ದು ಅಂದ್ರು. ನೀವು ಕಾಲಿಡದಿದ್ರೂ ಬರ್ತಿತ್ತು ಅಂದ್ರು. ನಾ ನಿಮಗ ಹೇಳಲಿಲ್ಲ. ಒಲ್ಲೆ ಒಲ್ಲೆ ಅಂದ್ರೂ ಒತ್ರಿ ಅಂದಾಕಿ ನಾನು."

ಎಕ್ಕಂಬಿ ಕಡೆ ಹೋಗುವ ಬಸ್ಸು ಬಂತು. "ಹತ್ತು. ಕುತ್ತಿಗಿ ಜ್ವಾಕಿ," ಅಂದರು ಅತ್ತೆ. ಬಸ್ಸು ಊರು ದಾಟುವವರೆಗೂ ಕಿಟಕಿ ನೋಡುತ್ತಿದ್ದರು. ನನ್ನ ತಲೆಯ ಹಿಂದಿನ ಅಂಗೈಯನ್ನು ಮಾತ್ರ ತೆಗೆದಿರಲಿಲ್ಲ.

"ಯಾಕ ಹೇಳಲಿಲ್ಲ?"

"ಸಿಟ್ಟಿತ್ರಿ."

"ನನ್ನ ಮ್ಯಾಲಾ?"

"ಅಲ್ರಿ. ನನ್ನ ಮ್ಯಾಲೆ."

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಇಷ್ಟು ದಿನ ನಾ ಉಂಡದ್ದು ಮೈಗೆ ಹತ್ತಲಿಲ್ಲ, ಹುಚ್ಚಿ," ಅಂದರು. ಆ ಹುಚ್ಚಿ ಅನ್ನುವ ಶಬ್ದ ಕೇಳಿ ಎಷ್ಟು ವಾರವಾಗಿತ್ತು!

ಆರು ವಾರಕ್ಕೆ ಡಾಕ್ಟರು ತಮ್ಮ ಎರಡು ಬೆರಳು ಕೊಟ್ಟು ಹಿಂಡಲು ಹೇಳಿದರು. ಹಿಂಡಿದೆ. "ಪರವಾಗಿಲ್ಲ, ಆಪರೇಷನ್ ಬೇಡ," ಅಂದರು. ಮನೆಯವರು ಅವತ್ತು ಅರ್ಧ ಕಿಲೋ ಪೇಡೆ ತಂದರು. ಮತ್ತೆರಡು ದಿನ ಬಿಟ್ಟು ಅಂಗಡಿಯ ಹಳೆಯ ಬಾಗಿಲಿನ ಒಂದು ಹಲಗೆ ಕಳಚಿ ತಂದು, ಕುರ್ಚಿಯಲ್ಲಿ ಕೂತವಳ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಗೋಡೆಗೆ ವಾರೆಯಾಗಿ ನಿಲ್ಲಿಸಿ ಮೊಳೆ ಹೊಡೆದರು. ಈಗ ಸೆರಗು ಆ ಹಲಗೆಯ ಮೇಲೆ ಇರುತ್ತದೆ. ಸೆರಗೇ ನನ್ನ ಮುಖದ ಹತ್ತಿರ ಬಂದಿದೆ, ನಾನು ಬಗ್ಗುವುದಿಲ್ಲ. ಅರ್ಧ ತಾಸಿಗೊಮ್ಮೆ "ಕೋಳೀ!" ಅನ್ನುವ ಕೂಗಿಗೆ ಎದ್ದು ನಿಲ್ಲುತ್ತೇನೆ. ನೋವು ಪೂರ್ತಿ ಹೋಗಿಲ್ಲ. ಚಳಿ ಬಿದ್ದರೆ, ಸಿಟ್ಟು ಬಂದರೆ ಬಂದು ಮಾತಾಡಿಸಿ ಹೋಗುತ್ತದೆ.

ಆದರೆ ಬೆರಳಿಗೆ ಸ್ಪರ್ಶ ಬಂದಿರಲಿಲ್ಲ. ಗಂಟು ಹಾಕುತ್ತಿದ್ದೆ, ಬಿಗಿ ಗೊತ್ತಾಗುತ್ತಿರಲಿಲ್ಲ. ಪ್ರತಿ ಗಂಟನ್ನೂ ಎಡಗೈಯಿಂದ ಎಳೆದು ನೋಡಬೇಕು. ಶಬಾನಾ ಹಳೆಯ ಸೀರೆಗಳ ತುಂಡು ಕಳಿಸಿ, "ಅವಸರ ಬೇಡ ಅಕ್ಕಾ, ಇದ್ರ ಮೇಲೆ ಪ್ರಾಕ್ಟೀಸ್ ಮಾಡು," ಅನ್ನುತ್ತಿದ್ದಳು. ಒಂದೊಂದು ದಿನ ಬೆಳಿಗ್ಗೆ ಏಳುತ್ತಲೇ ಹೆಬ್ಬೆರಳಿನಿಂದ ಹೊದಿಕೆ ಉಜ್ಜಿ ನೋಡುತ್ತಿದ್ದೆ. ಏನೂ ಇಲ್ಲ. ಇದು ಹೋದ ಹಾಗೇ ಅಂತ ಒಳಗೊಳಗೇ ಒಪ್ಪಿಕೊಳ್ಳತೊಡಗಿದ್ದೆ.

ದೀಪಾವಳಿಯ ಎಣ್ಣೆ ಸ್ನಾನದ ದಿನ ಬಂತು. ನಮ್ಮ ಮನೆಯಲ್ಲಿ ಅವತ್ತು ಹಿರಿಯರಿಗೆ ಕಿರಿಯರು ಎಣ್ಣೆ ಹಚ್ಚುತ್ತಾರೆ. ಅತ್ತೆಯನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಹಚ್ಚಿದೆ, ಭುಜಕ್ಕೆ ಹಚ್ಚಿದೆ. ಕಾಲಿಗೆ ಬಂದಾಗ ಅವರು ಮತ್ತೆ ಪಾದ ಎಳೆದುಕೊಂಡರು. ಬಸ್ಸಿನಲ್ಲಿ ಅಷ್ಟೆಲ್ಲ ಮಾತಾಡಿದ ಮೇಲೂ ಕಾಲನ್ನು ಮಾತ್ರ ಅವರು ಕ್ಷಮಿಸಿರಲಿಲ್ಲ.

"ನಾ ಬಗ್ಗಂಗಿಲ್ರಿ," ಅಂದೆ. ಅವರ ಎದುರು ಗಿಡ್ಡ ಸ್ಟೂಲು ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತೆ. "ನೋಡ್ರಿ, ಕೋಳಿ ಸರಿ ಐತಿ ಇಲ್ಲೋ? ಕೊಡ್ರಿ ಇನ್ನ ಕಾಲು."

ಅವರಿಗೆ ನಗು ಬಂತು. ನಕ್ಕ ಆ ಸಂದಿನಲ್ಲಿ ನಾನು ಎಡಗಾಲನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಬಲಗೈ ತುಂಬ ಬೆಚ್ಚಗಿನ ಎಣ್ಣೆ ಹಾಕಿಕೊಂಡು ಪಾದಕ್ಕೆ ಹಚ್ಚಿ, ಹಿಮ್ಮಡಿಯ ಸುತ್ತ ಹೆಬ್ಬೆರಳಿನಿಂದ ತಿಕ್ಕಿದೆ. ಏನೋ ಚುರುಕ್ ಅಂತು. ಕೈ ನಿಲ್ಲಿಸಿದೆ. ಮತ್ತೆ ತಿಕ್ಕಿದೆ. ಹಿಮ್ಮಡಿಯ ಒಡಕಿನ ಅಂಚು ನನ್ನ ಹೆಬ್ಬೆರಳಿಗೆ ಚುಚ್ಚುತ್ತಿತ್ತು. ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದೆ. ಒಂದು ಒಡಕು, ಅದರ ಪಕ್ಕ ಇನ್ನೊಂದು, ನಡುವೆ ಗಟ್ಟಿ ಚರ್ಮ. ಎಲ್ಲ ಗೊತ್ತಾಗುತ್ತಿತ್ತು.

"ಬಿಡವ್ವಾ," ಅಂದರು ಅತ್ತೆ ಸಂಕೋಚದಿಂದ, "ಒರಟ ಅದಾವು ನನ್ನ ಕಾಲು."

ನನ್ನ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು.

"ಹೌದ್ರಿ ಅತ್ತೀ," ಅಂದೆ. "ಭಾಳ ಒರಟ ಅದಾವು."